17 ಇಂಚಿನ ಹುಚ್ಚು

ಮೊನ್ನೆ ಬಾಗಲೂರು ರಸ್ತೆಯ ಟೀ ಅಂಗಡಿ ಹತ್ತಿರ ನಮ್ಮ ಫ್ಯಾಕ್ಟರಿ ಹುಡುಗನೊಬ್ಬ ಸಿಕ್ಕಿದ. ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ತಗೊಂಡಿದ್ದಾನೆ. ಟ್ರ್ಯಾಕ್ ಡೇಗೆ (ರೇಸ್ ಟ್ರ್ಯಾಕ್‌ನಲ್ಲಿ ಸ್ವಂತ ಕಾರು ಓಡಿಸೋ ದಿನ) ಬರಬೇಕಂತೆ. "ಅಣ್ಣಾ, 17 ಇಂಚಿನ ಅಲಾಯ್ ರಿಮ್ ನೋಡಿಟ್ಟಿದ್ದೀನಿ, ಫುಲ್ ಕಪ್ಪು, ಸಖತ್ತಾಗಿದೆ" ಅಂತ ಮೊಬೈಲ್ ಮುಖದ ಮುಂದೆ ಹಿಡಿದ. ಟೈರ್ ಯಾವುದಪ್ಪಾ ಅಂದೆ. "ಅದನ್ನ ಆಮೇಲೆ ನೋಡಿದ್ರಾಯ್ತು" ಅಂದ.

ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರಲ್ಲ, ಅದೇ. ಟೀ ಆರಿಹೋಗುವವರೆಗೂ ಅವನ ತಲೆ ತಿಂದೆ. ಅಲ್ಲಿ ಬಿಟ್ಟುಹೋದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಬೈಯೋ ಹಕ್ಕು ನನಗಿದೆ, ಯಾಕಂದ್ರೆ ಇದೇ ತಪ್ಪನ್ನ ನಾಲ್ಕು ವರ್ಷದ ಹಿಂದೆ ನಾನೇ ಮಾಡಿದ್ದೆ. ದುಡ್ಡು ಕೊಟ್ಟು.

ಹೊಸೂರಿನವರಿಗೆ ಒಂದು ಅದೃಷ್ಟ ಇದೆ. ಊರ ಮಧ್ಯೆ ಹೋಗುವ ಹೆದ್ದಾರಿಯನ್ನೇ ಹಿಡಿದರೆ ಸೀದಾ ಟ್ರ್ಯಾಕ್ ಬಾಗಿಲು. ಶೂಲಗಿರಿ, ಕೃಷ್ಣಗಿರಿ, ಆಂಬೂರು, ವೇಲೂರು, ಶ್ರೀಪೆರುಂಬುದೂರು, ಆಮೇಲೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ. ಹೆಚ್ಚುಕಮ್ಮಿ 270 ಕಿಲೋಮೀಟರ್. ಅಲ್ಲಿನ ಮದ್ರಾಸ್ ಟ್ರ್ಯಾಕ್ ಒಂದು ಸುತ್ತಿಗೆ 3.717 ಕಿಲೋಮೀಟರ್. ನಮ್ಮಂಥವರು ಮನೆ ಕಾರಲ್ಲೇ ಹೋಗಿ, ಅದನ್ನೇ ದಿನವಿಡೀ ಓಡಿಸಿ, ಸಂಜೆ ಅದರಲ್ಲೇ ವಾಪಸ್ ಬರಬೇಕು. ಟ್ರೇಲರ್ ಇಡೋಷ್ಟು ದುಡ್ಡಿದ್ದಿದ್ರೆ ಸ್ವಿಫ್ಟ್ ಯಾಕೆ ಓಡಿಸ್ತಿದ್ದೆ ಹೇಳಿ.

ಆಗ ನಾನು ತಗೊಂಡಿದ್ದೂ 17 ಇಂಚೇ. ಟೈರ್ 205/40, ಅಂದ್ರೆ 205 ಮಿಲಿಮೀಟರ್ ಅಗಲ, ಪಕ್ಕದ ಎತ್ತರ ಅದರ 40 ಪರ್ಸೆಂಟ್. ಪಾರ್ಕಿಂಗ್‌ನಲ್ಲಿ ನಿಲ್ಲಿಸಿದರೆ ತಿರುಗಿ ತಿರುಗಿ ನೋಡುವ ಹಾಗಿತ್ತು. ಟ್ರ್ಯಾಕ್‌ನಲ್ಲಿ ಮಾತ್ರ ಕಾರಿಗೆ ಏನೋ ಮೈ ಹುಷಾರಿಲ್ಲ ಅನ್ನಿಸೋದು. ತಿರುವಿನಿಂದ ಹೊರಗೆ ಬಂದಮೇಲೆ ಎಳೆಯೋದೇ ಇಲ್ಲ. ಬ್ರೇಕ್ ಕೂಡ ಬೇಗ ಸುಸ್ತಾಗೋದು. ಕಾರಣ ಗೊತ್ತಾಗಿದ್ದು ನಮ್ಮ ಬೀದಿಯ ಗುಜರಿ ಅಂಗಡಿಯಲ್ಲಿ. ಟೈರ್ ಬಿಚ್ಚಿದ ಬರೀ ರಿಮ್ ಒಂದನ್ನು ಅವರ ತಕ್ಕಡಿ ಮೇಲಿಟ್ಟೆ. 10 ಕೆಜಿ 200 ಗ್ರಾಂ. ಸ್ನೇಹಿತನ ಹತ್ತಿರ ಇದ್ದ 15 ಇಂಚಿನ ಫ್ಲೋ ಫಾರ್ಮ್ಡ್ (ಬಿಸಿಯಲ್ಲಿ ಒತ್ತಿ ತೆಳ್ಳಗೆ ಎಳೆದ) ರಿಮ್ ತಂದು ತೂಗಿದೆ. 5 ಕೆಜಿ 900 ಗ್ರಾಂ. ಒಂದು ಚಕ್ರಕ್ಕೆ 4 ಕೆಜಿಗಿಂತ ಜಾಸ್ತಿ ವ್ಯತ್ಯಾಸ. ಅಂಗಡಿಯವರು "ಅಲ್ಯೂಮಿನಿಯಂ ರೇಟ್ ಚೆನ್ನಾಗಿದೆ, ಹಾಕ್ಬಿಡ್ತೀರಾ?" ಅಂತ ಕೇಳಿದ್ರು. ಹಾಕಿಬಿಡಬೇಕಿತ್ತು.

ಡಿಕ್ಕಿಯಲ್ಲಿ 16 ಕೆಜಿ ಅಕ್ಕಿ ಇಟ್ಟ ಹಾಗಲ್ಲ ಇದು. ಚಕ್ರದ ತೂಕವನ್ನು ಎಂಜಿನ್ ಮುಂದಕ್ಕೂ ತಳ್ಳಬೇಕು, ಗಿರಗಿರ ತಿರುಗಿಸಲೂ ಬೇಕು. ಬ್ರೇಕ್ ಅದನ್ನು ಎರಡು ಥರವೂ ನಿಲ್ಲಿಸಬೇಕು. ರಿಮ್ ದೊಡ್ಡದಾದಷ್ಟೂ ಆ ತೂಕ ನಡುವಿನಿಂದ ಆಚೆಗೆ ಹೋಗುತ್ತದೆ, ತಿರುಗಿಸೋದು ಇನ್ನೂ ಕಷ್ಟ. ಅದೂ ಅಲ್ಲದೆ ಈ ತೂಕ ಇರೋದು ಸ್ಪ್ರಿಂಗಿನ ಕೆಳಗೆ, ಸ್ಪ್ರಿಂಗ್ ಇದನ್ನು ಹೊರೋದಿಲ್ಲ. ಉಬ್ಬುತಗ್ಗು ಬಂದಾಗ ಭಾರದ ಚಕ್ರ ಮೇಲೆ ಹಾರಿ, ವಾಪಸ್ ನೆಲ ಹಿಡಿಯೋದು ತಡ. ಅಷ್ಟು ಹೊತ್ತು ಹಿಡಿತ ಇಲ್ಲ.

ಹಾಗಾದ್ರೆ ಎಲ್ಲಿಂದ ಶುರು ಮಾಡಬೇಕು? ಟೈರಿಂದ. ನಮ್ಮ ದೇಶದಲ್ಲಿ ಯಾವ ಟ್ರ್ಯಾಕ್ ಟೈರ್ (ಮೆತ್ತನೆ ರಬ್ಬರಿನ ಅಂಟು ಟೈರ್), ಯಾವ ಸೈಜಿನಲ್ಲಿ, ಈ ತಿಂಗಳು ನಿಜವಾಗಿ ಸಿಗುತ್ತೆ ಅಂತ ಮೊದಲು ವಿಚಾರಿಸಿ. ಆ ಸೈಜಿಗೆ ತಕ್ಕ ರಿಮ್ ಆಮೇಲೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡಿತು. ಅಲ್ಲಿಂದ ಯೊಕೊಹಾಮಾ ಎಡಿ08ಆರ್, ಬ್ರಿಡ್ಜ್‌ಸ್ಟೋನ್ ಆರ್‌ಇ-71ಆರ್‌ಎಸ್ ಥರದ ಟ್ರ್ಯಾಕ್ ಟೈರ್ ಹುಡುಕೋದು ಹೆಣ್ಣು ಹುಡುಕಿದ ಹಾಗೆ. ಒಬ್ಬರ ಹತ್ತಿರ ಎರಡಿರುತ್ತೆ, ನಾಲ್ಕಿರಲ್ಲ. ನಾಲ್ಕಿದ್ದರೆ ಹಳೇದಿರುತ್ತೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ ನೋಡಿ. 2321 ಅಂದ್ರೆ 2021ರ 23ನೇ ವಾರದಲ್ಲಿ ಮಾಡಿದ್ದು. ಗೋಡೌನಿನಲ್ಲಿ ಐದಾರು ವರ್ಷ ಕೂತ ರಬ್ಬರು ಗಟ್ಟಿಯಾಗಿರುತ್ತೆ. ಟ್ರೆಡ್ (ನೆಲಕ್ಕೆ ತಾಗುವ ಗೀರುಗಳ ಭಾಗ) ಹೊಸದಾಗಿದ್ದರೂ ಅಂಟೋದಿಲ್ಲ.

ಈ ಟೈರುಗಳು ನಮ್ಮ ಕಾರಿಗೆ ಬರುವ ಸೈಜು ಅಂದ್ರೆ 195/50, 195/55, 205/50, ಎಲ್ಲಾ 15 ಇಂಚು. 15 ಇಂಚಿನ ಚಕ್ರದ ಸ್ವಿಫ್ಟ್‌ಗೆ ಕಂಪನಿ ಸೈಜು 185/65. ಅದರ ಎತ್ತರ ಸುಮಾರು 62 ಸೆಂಟಿಮೀಟರ್, 195/55ರದ್ದು 59.5. ಅಂದ್ರೆ 4 ಪರ್ಸೆಂಟ್ ಚಿಕ್ಕದು. ಸ್ಪೀಡೋಮೀಟರ್ ಚೂರು ಜಾಸ್ತಿ ತೋರಿಸುತ್ತೆ, ಕಾರು ಚೂರು ತಗ್ಗುತ್ತೆ, ಗೇರ್ ಚಿಕ್ಕದಾದ ಹಾಗಾಗಿ ಎಳೆತ ಜಾಸ್ತಿ ಆಗುತ್ತೆ. ನಮ್ಮಂಥ ಬಡ ಎಂಜಿನ್‌ಗೆ ಇದು ಪುಕ್ಕಟೆ ಲಾಭ. ರಿಮ್ ಅಗಲ 6.5 ಅಥವಾ 7 ಇಂಚು ಸಾಕು.

ಅಲಾಯ್ ಅಂಗಡಿಯಲ್ಲಿ ಯಾರೂ ಬಾಯಿ ಬಿಡದ ವಿಷಯ ಒಂದಿದೆ. ರಿಮ್ ನಡುವಿನ ತೂತು. ನಾಲ್ಕು ಬೋಲ್ಟು, ಅವು ಕೂರುವ ವೃತ್ತದ ಅಡ್ಡಳತೆ 100 ಮಿಲಿಮೀಟರ್, ಅಷ್ಟು ಹೊಂದಿದರೆ ಮುಗೀತು ಅಂದ್ಕೊಂಡಿದ್ದೆ. ಸ್ವಿಫ್ಟ್ ಹಬ್, ಅಂದ್ರೆ ಆ ತೂತಿನೊಳಗೆ ಕೂರುವ ಕಾರಿನ ಗುಂಬ, 54.1 ಮಿಲಿಮೀಟರ್. ನಾನು ತಗೊಂಡ ರಿಮ್ಮಿನ ತೂತು 73.1, ಎಲ್ಲಾ ಕಾರಿಗೂ ಆಗಲಿ ಅಂತ ದೊಡ್ಡದಾಗಿ ಕೊರೆದದ್ದು. ನಡುವಿನ ಸಂದಿಗೆ ಪ್ಲಾಸ್ಟಿಕ್ ಬಳೆ ಕೊಟ್ಟಿದ್ದರು. ಟ್ರ್ಯಾಕ್‌ನಲ್ಲಿ ಎರಡನೇ ಸೆಷನ್ (ಓಡಿಸೋ ಸರದಿ) ಆದಮೇಲೆ 100ರ ಮೇಲೆ ಸ್ಟೀರಿಂಗ್ ಗಡಗಡ. ಚಕ್ರಕ್ಕೆ ಅಂಟಿಸಿದ ಬ್ಯಾಲೆನ್ಸ್ ತೂಕ ಬಿದ್ದಿರಬೇಕು ಅಂದ್ಕೊಂಡೆ. ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸೋ ಜಾಗ) ಚಕ್ರ ಬಿಚ್ಚಿ ನೋಡಿದರೆ ಬ್ರೇಕಿನ ಕಾವಿಗೆ ಬಳೆ ಕರಗಿ, ಬೆಲ್ಲದ ಪಾಕದ ಥರ ಹಬ್‌ಗೆ ಅಂಟಿತ್ತು. ಸ್ಕ್ರೂಡ್ರೈವರ್‌ನಲ್ಲಿ ಕೆರೆದು ತೆಗೆಯೋಕೆ ಮುಕ್ಕಾಲು ಗಂಟೆ. ಈಗ ನಮ್ಮ ಶಾಪಿನ ಲೇತ್‌ನಲ್ಲೇ ಅಲ್ಯೂಮಿನಿಯಂ ಬಳೆ ಮಾಡಿಸಿಕೊಂಡಿದ್ದೇನೆ. ಹೊಸೂರಲ್ಲಿ ಇದ್ದು ಲೇತ್‌ಗೆ ಬರ ಉಂಟಾ?

ನಕಲಿ ರಿಮ್ ಬಗ್ಗೆ ಎರಡೇ ಮಾತು. ಹಿಂಭಾಗದಲ್ಲಿ ಜೆಡಬ್ಲ್ಯೂಎಲ್, ವಿಐಎ ಗುರುತು (ಜಪಾನಿನ ಗುಣಮಟ್ಟದ ಮುದ್ರೆ) ಮತ್ತು ಎಷ್ಟು ಭಾರ ಹೊರುತ್ತೆ ಅನ್ನೋ ಅಂಕಿ ಇದೆಯಾ ನೋಡಿ. ಗುರುತನ್ನೂ ನಕಲು ಮಾಡ್ತಾರೆ, ಅದಕ್ಕೆ ಬಿಲ್ ಕೊಡುವವರ ಹತ್ತಿರವೇ ತಗೊಳ್ಳಿ.

ಇನ್ನೊಂದು ಮಾತಿಗೆ ಸ್ನೇಹಿತರು ಜಗಳಕ್ಕೆ ಬರ್ತಾರೆ, ಬರಲಿ. ಮೊದಲ ಎರಡು ಮೂರು ಟ್ರ್ಯಾಕ್ ಡೇಗೆ ಕಂಪನಿ ರಿಮ್ಮು, ಸಾಮಾನ್ಯ ರೋಡ್ ಟೈರೇ ಸಾಕು. ರೋಡ್ ಟೈರ್ ಜಾರೋ ಮುಂಚೆ ಕಿರುಚಿಕೊಳ್ಳುತ್ತೆ. "ಲೋ, ಜಾಸ್ತಿಯಾಯ್ತು ಕಣೋ" ಅಂತ ಹೇಳುತ್ತೆ. ಅಂಟು ಟೈರ್ ನಿಮ್ಮ ತಪ್ಪನ್ನೆಲ್ಲಾ ಮುಚ್ಚಿಟ್ಟುಕೊಂಡು, ಒಂದು ದಿನ ದೊಡ್ಡ ಸ್ಪೀಡಲ್ಲಿ ಕೈ ಬಿಡುತ್ತೆ. ಇನ್ನೂ ವಿಚಿತ್ರ ಏನಂದ್ರೆ, ಒಣ ಟ್ರ್ಯಾಕ್‌ಗೆ ಅರ್ಧ ಸವೆದ ರೋಡ್ ಟೈರ್ ಹೊಸದಕ್ಕಿಂತ ವಾಸಿ. ಹೊಸದರಲ್ಲಿ ರಬ್ಬರ್ ಗಡ್ಡೆಗಳು ಎತ್ತರ ಇರೋದ್ರಿಂದ ಅಲ್ಲಾಡುತ್ತವೆ, ಕಾಯುತ್ತವೆ, ಚೂರು ಚೂರಾಗಿ ಕಿತ್ತು ಬರುತ್ತವೆ. ಮಳೆ ಬಂದರೆ ಮಾತ್ರ ಈ ಲೆಕ್ಕ ಉಲ್ಟಾ.

ಗಾಳಿ ವಿಷಯಕ್ಕೆ ಬರೋಣ. ಬೆಳಿಗ್ಗೆ ತಣ್ಣಗಿರುವಾಗ 30 ಪಿಎಸ್‌ಐ ಹಾಕಿ ಹೊರಟರೆ, ನಾಲ್ಕೈದು ಸುತ್ತಾದ ಮೇಲೆ 36, 37 ತೋರಿಸುತ್ತೆ. ಟೈರ್ ಒಳಗಿನ ಗಾಳಿ 50 ಡಿಗ್ರಿ ಕಾದರೆ ಏಳು ಪಿಎಸ್‌ಐ ಏರುತ್ತೆ, ಅಷ್ಟೇ ಲೆಕ್ಕ. ನೋಡಬೇಕಾದ್ದು ಬಿಸಿ ಇದ್ದಾಗಿನ ಅಂಕಿ. ಇದಕ್ಕೆ ನನ್ನ ಉಪಕರಣ ಮಗಳ ಶಾಲೆ ಶೂಗೆ ಹಚ್ಚುವ ಬಿಳಿ ಪಾಲಿಶ್. ಟ್ರೆಡ್ ಅಂಚಿನಿಂದ ಟೈರ್ ಪಕ್ಕದವರೆಗೆ ಮೂರು ಕಡೆ ಗೆರೆ ಎಳೆಯೋದು. ಸೆಷನ್ ಮುಗಿಸಿ ಬಂದಾಗ ಟೈರ್ ಪಕ್ಕದವರೆಗೂ ಬಿಳಿ ಅಳಿಸಿದ್ದರೆ ಟೈರ್ ಮಡಚಿಕೊಳ್ಳುತ್ತಿದೆ, ಗಾಳಿ ಕಮ್ಮಿ. ಟ್ರೆಡ್ ಅಂಚಿನಲ್ಲೇ ಬಿಳಿ ಉಳಿದಿದ್ದರೆ ಜಾಸ್ತಿ. ಸೋಮವಾರ ಬೆಳಿಗ್ಗೆ ಪಾಲಿಶ್ ಖಾಲಿ ಅಂತ ಮನೆಯಲ್ಲಿ ಮಂಗಳಾರತಿ ಆಗುತ್ತೆ, ಅದು ಬೇರೆ.

ಮದ್ರಾಸ್ ಟ್ರ್ಯಾಕ್‌ನಲ್ಲಿ ಬಲಕ್ಕೆ ತಿರುಗೋದು ಜಾಸ್ತಿ. ಹಾಗಾಗಿ ಎಡ ಮುಂದಿನ ಟೈರೇ ಬಲಿಪಶು, ಅದರಲ್ಲೂ ಹೊರ ಅಂಚು. ಅದಕ್ಕೆ ಇನ್ನೂ ಅಗಲದ ಟೈರ್ ಹಾಕೋದು ಔಷಧಿ ಅಲ್ಲ. ಕ್ಯಾಂಬರ್ ಬೋಲ್ಟ್ (ಚಕ್ರದ ಓರೆ ಹೊಂದಿಸೋ ಬೋಲ್ಟ್) ಹಾಕಿಸಿ, ಚಕ್ರದ ತಲೆಯನ್ನು ಒಂದೂವರೆ ಡಿಗ್ರಿಯಷ್ಟು ಒಳಗೆ ಬಾಗಿಸಿ. ಮುಂದೆ ಎರಡು ಅಂಟು ಟೈರ್, ಹಿಂದೆ ಹಳೇದು ಅನ್ನೋ ಉಳಿತಾಯ ಮಾತ್ರ ಬೇಡವೇ ಬೇಡ. ಮುಂದಿನದು ಹಿಡಿಯುತ್ತೆ, ಹಿಂದಿನದು ಜಾರುತ್ತೆ, ಕಾರು ಬುಗುರಿ ಥರ ತಿರುಗುತ್ತೆ.

ಈಗ ನನ್ನ ಬಳಿ ಇರೋದು 15 ಇಂಚಿನ, 7 ಇಂಚು ಅಗಲದ ಒಂದು ಸೆಟ್. ಹಿಂದಿನ ಸೀಟ್ ಮಡಚಿ, ಹಳೇ ಬೆಡ್‌ಶೀಟ್ ಹಾಸಿದರೆ ನಾಲ್ಕೂ ಸ್ವಿಫ್ಟ್ ಒಳಗೇ ಕೂರುತ್ತವೆ. ಹೆದ್ದಾರಿಗೆ ಕಂಪನಿ ಚಕ್ರ, ಟ್ರ್ಯಾಕ್‌ಗೆ ಇವು. ಇರುಂಗಾಟ್ಟುಕೋಟ್ಟೈಯಲ್ಲಿ ಜ್ಯಾಕ್ ಹಾಕಿ ಬದಲಾಯಿಸೋಕೆ ಇಪ್ಪತ್ತು ನಿಮಿಷ. ಮೊದಲ ಸೆಷನ್ ಆದಮೇಲೆ ನಟ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೊಮ್ಮೆ ನೋಡಿಕೊಳ್ಳುತ್ತೇನೆ.

ಆ 17 ಇಂಚಿನ ರಿಮ್ಮುಗಳು ಏನಾದವು ಅಂತ ಆ ಹುಡುಗ ಕೇಳಿದ. ಒಂದು ಗುಂಡಿಗೆ ಬಿದ್ದು ಸೊಟ್ಟಗಾಗಿದೆ, ಯಾರೂ ಕೊಳ್ಳಲಿಲ್ಲ. ತಾರಸಿ ಮೇಲಿವೆ. ಅಮ್ಮ ಹುಣಸೆಹಣ್ಣು ಒಣಗಿಸೋ ಟಾರ್ಪಾಲಿನ ನಾಲ್ಕು ಮೂಲೆಗೆ ಒಂದೊಂದು ಇಡುತ್ತಾರೆ. ಎಂಥಾ ಗಾಳಿ ಬಂದರೂ ಅಲ್ಲಾಡಲ್ಲ, ಒಳ್ಳೇ ತೂಕದ್ದು ತಂದಿದ್ದೀಯ ಅಂತ ಹೊಗಳುತ್ತಾರೆ.