ಹಸಿರು ಶಾಲು ಸದನದಲ್ಲಿರಬೇಕು

ಚುನಾವಣೆ ಬಂತೆಂದರೆ ಎಲ್ಲ ಪಕ್ಷದವರೂ ತಾವು ಮಣ್ಣಿನ ಮಕ್ಕಳೆಂದು ಹೇಳಿಕೊಳ್ಳುತ್ತಾರೆ. ಆದರೆ ರೈತನ ಮಗನೊಬ್ಬ ಶಾಸಕನಾಗುವುದಕ್ಕೂ, ರೈತ ಚಳವಳಿಯೇ ತನ್ನವರೊಬ್ಬರನ್ನು ವಿಧಾನಸಭೆಗೆ ಕಳಿಸುವುದಕ್ಕೂ ಬಹಳ ಅಂತರವಿದೆ ಎಂಬುದು ಮಂಡ್ಯ ಜಿಲ್ಲೆಯ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರನ್ನು ನೋಡಿದ ಮೇಲೆ ನನಗೆ ಮನವರಿಕೆಯಾಯಿತು. ಕ್ಯಾತನಹಳ್ಳಿಯ ಅವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದ ಅಭ್ಯರ್ಥಿಯಾಗಿ ಮೇಲುಕೋಟೆಯಿಂದ ಗೆದ್ದರು. ನಡುವೆ ಸೋತಾಗಲೂ ಹೆಗಲ ಮೇಲಿನ ಶಾಲಿನ ಬಣ್ಣ, ರೈತ ಚಳವಳಿಯ ಹಸಿರು, ಬದಲಾಗಲಿಲ್ಲ.

ಚಳವಳಿ ಬೀದಿಯಲ್ಲೇ ಇರಬೇಕು, ವಿಧಾನಸೌಧದ ಮೆಟ್ಟಿಲು ಹತ್ತಿದರೆ ಹದಗೆಡುತ್ತದೆ ಎನ್ನುವ ಹಿರಿಯರು ನಮ್ಮೂರಲ್ಲೂ ಇದ್ದಾರೆ. ಅವರ ಆತಂಕ ಸುಳ್ಳಲ್ಲವಾದರೂ ನಾನು ಅದನ್ನು ಒಪ್ಪಲಾರೆ. ಏಕೆಂದರೆ ನಮ್ಮ ಕಷ್ಟದ ಒಳಗುಟ್ಟು ಬೇಸಾಯ ಮಾಡಿದವರಿಗೆ ತಿಳಿಯುವಂತೆ ಬೇರೆಯವರಿಗೆ ತಿಳಿಯುವುದಿಲ್ಲ.

ಒಂದು ವರ್ಷ ಕಟಿಂಗ್ ಆರ್ಡರ್, ಅಂದರೆ ಕಬ್ಬು ಕಡಿಯಲು ಕಾರ್ಖಾನೆ ಕೊಡುವ ಅನುಮತಿ, ತಡವಾಗಿ ನಮ್ಮ ಕಬ್ಬು ಗದ್ದೆಯಲ್ಲೇ ಸೂಲಂಗಿ (ಹೂವು) ಬಿಟ್ಟಿತು. ಕಡಿದು ತುಂಬಿದ ಲಾರಿ ಕಾರ್ಖಾನೆಯ ಮುಂದೆ ಬಿಸಿಲಿನಲ್ಲಿ ಎರಡು ದಿನ ಸಾಲು ನಿಂತಿತು. ತೂಕದ ಚೀಟಿ ಕೈಗೆ ಬಂದಾಗ ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏನೂ ಮಾತಾಡದೆ ಮಡಿಚಿ ಜೇಬಿಗಿಟ್ಟುಕೊಂಡರು. ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ಇಳಿದ ತೂಕವೆಲ್ಲ ಬೆಳೆದವನ ನಷ್ಟ. ಕಾಯಿಸಿದವರಿಗೆ ಅದರಲ್ಲಿ ಪಾಲಿಲ್ಲ. ಕಬ್ಬು ತಲುಪಿಸಿದ 14 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಸ್ಪಷ್ಟವಾಗಿದೆ. ನಮ್ಮ ಬಾಕಿ ತಿಂಗಳುಗಟ್ಟಲೆ ಉಳಿದಿತ್ತು; ಬಡ್ಡಿಯ ಒಂದು ರೂಪಾಯಿಯನ್ನೂ ನಾವು ಕಾಣಲಿಲ್ಲ.

ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ಬೆಲೆಯನ್ನು, ನಿಗದಿಪಡಿಸುವುದು ಕೇಂದ್ರ ಸರ್ಕಾರ. 224 ಸದಸ್ಯರ ಸಭೆಯಲ್ಲಿ ಒಬ್ಬ ರೈತ ಶಾಸಕ ಬೆಲೆ ಏರಿಸಲಾರ, ಸರ್ಕಾರವನ್ನು ಮಣಿಸಲೂ ಆರ. ಆದರೆ ಪ್ರಶ್ನೆ ಕೇಳಬಲ್ಲ. ಬೀದಿಯಲ್ಲಿ ಕೂಗಿದ್ದಕ್ಕೆ ಭರವಸೆ ಸಿಗುತ್ತದೆ. ಸದನದಲ್ಲಿ ಕೇಳಿದ್ದಕ್ಕೆ ಸಚಿವರು ಲಿಖಿತ ಉತ್ತರ ಕೊಡಬೇಕಾಗುತ್ತದೆ, ಆ ಉತ್ತರ ದಾಖಲೆಯಾಗಿ ಉಳಿಯುತ್ತದೆ. ನನ್ನ ಮಟ್ಟಿಗೆ ರೈತ ಶಾಸಕನ ದೊಡ್ಡ ಬಲ ಅದೇ.

2018ರ ಫೆಬ್ರವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗಲೇ ಹೃದಯಾಘಾತವಾಗಿ ಪುಟ್ಟಣ್ಣಯ್ಯನವರು ತೀರಿಕೊಂಡರು. ಆಗ ಅವರು ಶಾಸಕರಾಗಿಯೇ ಇದ್ದರು. 2023ರಲ್ಲಿ ಅವರ ಮಗ ದರ್ಶನ್ ಪುಟ್ಟಣ್ಣಯ್ಯ ಅದೇ ಮೇಲುಕೋಟೆಯಿಂದ, ಅದೇ ಪಕ್ಷದಿಂದ ಗೆದ್ದಿದ್ದಾರೆ. ಅವರಲ್ಲಿ ನನ್ನ ಕೋರಿಕೆ ಒಂದೇ: 14 ದಿನ ಮೀರಿ ಹಣ ಕೊಟ್ಟ ಪ್ರತಿಯೊಂದು ಕಾರ್ಖಾನೆಯ ಹೆಸರನ್ನೂ, ಅದು ರೈತರಿಗೆ ಕೊಟ್ಟ ಬಡ್ಡಿಯ ಮೊತ್ತವನ್ನೂ ಪ್ರತಿ ಹಂಗಾಮಿನಲ್ಲಿ ಸದನದಲ್ಲಿ ಕೇಳಿ.