ಮೀನಿಗೆ ದಿನಾ ದಸರ

ನಮ್ಮನೆ ಹಾಲಲ್ಲಿ ಎರಡಡಿ ಉದ್ದದ ಅಕ್ವೇರಿಯಂ ಇದೆ, ಅದರ ಹಳೇ ಟ್ಯೂಬ್‌ಲೈಟ್ ಕಿತ್ತು ಎಲ್‌ಇಡಿ ಹಾಕ್ಬೇಕು ಅಂತ ನಮ್ಮನೆಯವರು ಹಟ ಹಿಡಿದಿದ್ದಕ್ಕೆ ಕೊಟ್ಟ ಕಾರಣ ಕರೆಂಟ್ ಉಳಿತಾಯ. ಹಳೇದು 20 ವ್ಯಾಟು, ಚೋಕ್ ನುಂಗೋದು ಬೇರೆ, ಹೊಸದು 12 ವ್ಯಾಟು, ದಿನಕ್ಕೆ 10 ಗಂಟೆ ಉರಿದ್ರೂ ತಿಂಗಳಿಗೆ ನಾಲ್ಕೈದು ಯೂನಿಟ್ ಮಿಗುತ್ತೆ ಅಂತ ಪೇಪರ್ ಮೇಲೆ ಲೆಕ್ಕ ಬರೆದು ತೋರ್ಸಿದ್ರು. 2023ರಲ್ಲಿ ಗೃಹಜ್ಯೋತಿ ಬಂದಾಗಿಂದ ನಮ್ಮ ಬಿಲ್ಲೇ ಸೊನ್ನೆ. ಸೊನ್ನೇಲಿ ಐದು ಯೂನಿಟ್ ಕಳೆದ್ರೆ ಚೆಸ್ಕಾಂನೋರು ನಮಗೇ ದುಡ್ಡು ಕೊಡ್ತಾರೇನ್ರೀ ಅಂತ ಕೇಳ್ದೆ. ಪೇಪರ್ ಮಡಚಿ ಜೇಬಿಗೆ ಹಾಕ್ಕೊಂಡು ಮೈಸೂರಿನ ಶಿವರಾಂಪೇಟೆ ಅಂಗಡಿಗಳ ಕಡೆ ಹೊರಟೇಬಿಟ್ರು.

ಬರೋವಾಗ ಕೈಯಲ್ಲಿ ಉದ್ದದೊಂದು ಡಬ್ಬ, ಬಾಯಲ್ಲಿ ಬರೀ ಕೆಲ್ವಿನ್ನು. ಇದು 6500 ಕೆಲ್ವಿನ್, ಹಗಲಿನ ಬೆಳಕು, ನಂಬರ್ ಇಳಿದಷ್ಟೂ ಹಳದಿ, ಏರಿದಷ್ಟೂ ನೀಲಿ, ಮಧ್ಯೆ ಇರೋ ಕೆಂಪು ನೀಲಿ ಬಲ್ಬು ಗಿಡಕ್ಕೆ ಅಂತ ಅಡುಗೆಮನೆಗೇ ಬಂದು ಹೇಳಿದ್ರು, ನಾನು ಸಾರಿಗೆ ಒಗ್ಗರಣೆ ಹಾಕ್ತಿದ್ದೆ, ಹ್ಞೂಂ ಅಂದೆ.

ಸ್ವಿಚ್ ಹಾಕಿದ್ರು ನೋಡಿ, ಕಾಣಬಾರದ್ದೆಲ್ಲ ಕಾಣಿಸ್ತು. ಹಳೇ ಮಬ್ಬು ಬೆಳಕಲ್ಲಿ ಮೀನುಗಳು ಏನೋ ಗಂಭೀರವಾಗಿ ಓಡಾಡ್ಕೊಂಡಿದ್ವು, ಈಗ ಜಲ್ಲಿ ಕಲ್ಲಿನ ಸಂದೀಲಿರೋ ಕಸ, ಗಿಡದ ಎಲೆಯಡೀಲಿ ಸಾಸಿವೆ ಕಾಳಷ್ಟೇ ಇರೋ ಬಸವನಹುಳುಗಳ ಸಂಸಾರ, ಹೀಟರ್ ವೈರಿಗೆ ಅಂಟಿದ ಲೋಳೆ ಎಲ್ಲ ಸ್ಪಷ್ಟ. ಅಷ್ಟೇ ಆಗಿದ್ರೆ ಪರವಾಗಿಲ್ಲ, ಆ ಬೆಳಕು ಪಕ್ಕದ ಶೋಕೇಸಿಗೂ ಬಿತ್ತು, ಅಲ್ಲಿದ್ದ ಧೂಳು ನಮ್ಮತ್ತೆ ಕಣ್ಣಿಗೆ ಬಿತ್ತು. ಕನ್ನಡಕ ಇಲ್ಲದೆ ಪೇಪರ್ ಹೆಡ್‌ಲೈನ್ ಓದಕ್ಕಾಗದೇ ಇರೋರು, ಗಾಜಿನ ಮೇಲೆ ಬೆರಳಲ್ಲೊಂದು ಗೆರೆ ಎಳೆದು, ಬೆರಳನ್ನ ನನಗೆ ತೋರ್ಸಿ, ಏನೂ ಮಾತಾಡದೆ ಒಳಗೆ ಹೋದ್ರು.

ಆಮೇಲೆ ಬೆಕ್ಕಿನ ಕತೆ. ಹಳೇ ಟ್ಯೂಬಿನ ಚೋಕ್ ಕಾವಿಗೆ ಟ್ಯಾಂಕಿನ ಮುಚ್ಚಳ ಯಾವಾಗ್ಲೂ ಬೆಚ್ಚಗಿರ್ತಿತ್ತು, ಚುಕ್ಕಿ ಅದರ ಮೇಲೇ ಕಾಲು ಇಳಿಬಿಟ್ಕೊಂಡು ಮಲಗ್ತಿತ್ತು, ಕೆಳಗೆ ಮೀನಿದಾವೆ ಅನ್ನೋದೇ ಅದಕ್ಕೆ ಗೊತ್ತಿರ್ಲಿಲ್ಲ ಅನ್ಸುತ್ತೆ. ಎಲ್‌ಇಡಿ ಬಂದ್ಮೇಲೆ ಮುಚ್ಚಳ ತಣ್ಣಗಾಯ್ತು. ಚುಕ್ಕಿ ಕೆಳಗಿಳಿದು ಗಾಜಿನ ಮುಂದೆ ಕೂತ್ಕೊಂಡು ನೋಡ್ತು, ನೋಡ್ತಾನೇ ಇತ್ತು, ಏಂಜಲ್ ಫಿಶ್ ಎರಡೂ ಆವತ್ತಿಂದ ಟ್ಯಾಂಕಿನ ಹಿಂದಿನ ಮೂಲೇಲೇ ವಾಸ.

ಇಷ್ಟು ಬೆಳಕು ಬಂದ್ಮೇಲೆ ಆರಿಸೋರ್ಯಾರು? ಬೆಳಗ್ಗೆ ಕಾಫಿ ಕುಡೀತಾ ನೋಡೋಕೆ ಅಂತ ಇವರು ಹಾಕೋರು, ಮಗಳು ಆನ್‌ಲೈನ್ ಕ್ಲಾಸಿನ ಹಿಂದೆ ಚೆನ್ನಾಗಿ ಕಾಣುತ್ತೆ ಅಂತ ಹಾಕೋಳು, ಸಂಜೆ ದೀಪ ಹಚ್ಚೋ ಹೊತ್ತಲ್ಲಿ ಆರಿಸಬಾರದು ಅಂತ ಅತ್ತೆ. ಗಿಡ ಇರೋ ಟ್ಯಾಂಕಿಗೆ ಆರರಿಂದ ಎಂಟು ಗಂಟೆ ಬೆಳಕು ಸಾಕು, ನಮ್ಮದು ಹದಿನಾಲ್ಕು ದಾಟ್ತಿತ್ತು. ಗಾಜು ಮೊದಲು ಮಂಜಾಯ್ತು, ಆಮೇಲೆ ಹಸಿರಾಯ್ತು, ಕೊನೆಗೆ ಮೀನೇ ಕಾಣದಂಗಾಯ್ತು. ಚುಕ್ಕಿ ಬೇಜಾರಾಗಿ ಸೆಟ್‌ಟಾಪ್ ಬಾಕ್ಸ್ ಮೇಲೆ ಹೋಗಿ ಮಲಗ್ತು. ಪಾಚಿ ತಿನ್ಲಿ ಅಂತ ಒಂದು ಸಕ್ಕರ್ ಮೀನು ಬಂತು, ಅದು ರಾತ್ರಿ ಓಡಾಡೋ ಜಾತಿ, ಹಗಲೆಲ್ಲ ಕೊರಡಿನ ಕೆಳಗೇ. ಇವರು ಹಳೇ ಎಟಿಎಂ ಕಾರ್ಡಲ್ಲಿ ಗಾಜು ಕೆರೀತಾ ಕೂತಿದ್ದಾಗ ಅತ್ತೆ ಶುರು ಮಾಡಿದ್ರು. "ಅರ್ಮನೆಗೇ ಲಕ್ಷ ಬಲ್ಬು ಅಂತಾರೆ, ಅದ್ನೂ ಭಾನ್ವಾರ ಒಸಿ ಹೊತ್ತು ಉರ್ಸಿ ಆರುಸ್ಬುಡ್ತರೆ. ನಿನ್ ಮೀನ್ಗೇನ್ಲಾ ದಿನಾ ದಸರ?" ಸಂಜೆ ಆರಿಸಬೇಡ ಅಂದೋರೂ ಇವರೇ, ಅದನ್ನ ಅಲ್ಲಿ ಜ್ಞಾಪಿಸೋ ಧೈರ್ಯ ಯಾರಿಗೂ ಇರ್ಲಿಲ್ಲ.

ಅದಕ್ಕೇ ಟೈಮರ್ ಬಂತು. ದುಂಡಗಿರೋ ತಿರುಗೋ ಟೈಮರು, ಸುತ್ತ 15 ನಿಮಿಷಕ್ಕೊಂದು ಪುಟ್ಟ ಪಿನ್ನು. ಒಳ್ಳೇ ವಸ್ತುವೇ, ಆದ್ರೆ ಕರೆಂಟ್ ಇದ್ರೆ ಮಾತ್ರ ತಿರುಗುತ್ತೆ, ಕರೆಂಟ್ ಹೋದಷ್ಟು ಹೊತ್ತು ಅದಕ್ಕೆ ಕಾಲವೇ ನಿಂತೋಗುತ್ತೆ. ಮಳೆಗಾಲ ಬೇರೆ, ಇವತ್ತು ಒಂದು ಗಂಟೆ ನಾಳೆ ಎರಡು ಗಂಟೆ ಅಂತ ಹಿಂದೆ ಬೀಳ್ತಾ ಬೀಳ್ತಾ, ಒಂದಿನ ನಡುರಾತ್ರಿ ಹಾಲಲ್ಲಿ 6500 ಕೆಲ್ವಿನ್ ಹಗಲಾಯ್ತು. ನೀರಿಗೆ ಅಂತ ಎದ್ದ ನಮ್ಮನೆಯವರು ಕಿರುಚಿದ್ರು, ನಾನು ಕಳ್ಳ ಅನ್ಕೊಂಡು ಓಡಿಬಂದೆ, ನೋಡಿದ್ರೆ ನಿಯಾನ್ ಟೆಟ್ರಾಗಳ ಆ ನೀಲಿ ಗೆರೆ ಪೂರ್ತಿ ಮಾಸೋಗಿದೆ. ಸತ್ತೋಗ್ತಾವೆ ಕಣೇ, ಕಲ್ಲುಪ್ಪು ತಗೊಂಬಾ ಅಂದ್ರು. ಆ ಮೀನು ಕತ್ತಲಲ್ಲಿ ಬಣ್ಣ ಇಳಿಸ್ಕೊಂಡೇ ಮಲಗೋದು, ಬೆಳಕಿಗೆ ಒಗ್ಗಿದ್ಮೇಲೆ ತಾನೇ ಬರುತ್ತೆ, ಅಷ್ಟಕ್ಕೂ ಅವಕ್ಕೆ ರೆಪ್ಪೇನೇ ಇಲ್ಲ, ಕಣ್ಣು ಮುಚ್ಕೊಳ್ಳೋಕೂ ಆಗಲ್ಲ ಪಾಪ. ನಾನು ಸ್ವಿಚ್ ಆರಿಸಿ ಹೋಗಿ ಮಲಗಿದೆ, ಬೆಳಗ್ಗೆ ಕಾಫಿ ಹೊತ್ತಿಗೆ ಬಣ್ಣ ವಾಪಸ್ ಬಂದಿತ್ತು.

ಈಗ ಬ್ಯಾಟರಿ ಇರೋ ಟೈಮರ್ ಬಂದಿದೆ, ಬೆಳಕನ್ನ ದಿನಕ್ಕೆ ಏಳೇ ಗಂಟೆಗೆ ಇಳಿಸಿದೀವಿ, ಪಾಚಿ ಒಂಚೂರು ಕಮ್ಮಿ. ಆದ್ರೆ ಗಿಡ ಬೆಳೀತಿಲ್ವಂತೆ. ಬೆಳಕು ಮಾತ್ರ ಜಾಸ್ತಿ ಮಾಡಿ ಗಾಳಿ ಗೊಬ್ಬರ ಕೊಡದಿದ್ರೆ ಅದೆಲ್ಲ ಪಾಚಿ ಪಾಲು, ಕಾರ್ಬನ್ ಡೈಆಕ್ಸೈಡ್ ಬೇಕು ಅಂತ ಇವರ ಹೊಸ ರಾಗ. ಸಿಲಿಂಡರ್ ದುಬಾರಿ ಅಂತ ಎರಡು ಲೀಟರ್ ಬಾಟಲಿಗೆ ಸಕ್ಕರೆ ನೀರು ಈಸ್ಟ್ ಹಾಕಿ ಮುಚ್ಚಳಕ್ಕೆ ಪೈಪ್ ಸಿಗಿಸಿ ಟ್ಯಾಂಕಿಗೆ ಬಿಟ್ಟಿದಾರೆ. ಸಕ್ಕರೆ ಡಬ್ಬ ಖಾಲಿಯಾಗಿದ್ದು ನೋಡಿ ಅತ್ತೆ ಪಾಂಡವಪುರದ ಹತ್ರ ಊರಲ್ಲಿರೋ ಮಾವಂಗೆ ಫೋನ್ ಹಚ್ಚಿದ್ರು. ಮಾವ ಕಬ್ಬು ಬೆಳೆಯೋರು, ಮನಸ್ಸು ದೊಡ್ಡದು. "ಸಕ್ರೆ ಯಾಕ್ ದಂಡ ಮಾಡೀರಿ, ಆಲೆಮನೆ ಬೆಲ್ಲ ಕಳುಸ್ತೀನಿ ಬುಡಿ" ಅಂದ್ರು. ಇವರಿಗೆ ಖುಷಿಯೋ ಖುಷಿ, ಬೆಲ್ಲಕ್ಕೆ ಈಸ್ಟ್ ಎಷ್ಟು ಹಾಕ್ಬೇಕು ಅಂತ ಯೂಟ್ಯೂಬ್ ನೋಡ್ತಾ ಕೂತ್ರು. ಅತ್ತೆ ಫೋನ್ ಇಟ್ಟು ಬಂದು ಬಾಟಲಿ, ಪೈಪು, ಗುಳುಗುಳು ಏಳ್ತಿರೋ ಗುಳ್ಳೆ ಎಲ್ಲ ಒಂದು ಸಲ ನೋಡಿದ್ರು.

"ಬೆಲ್ಲ ಕೊಳೆಹಾಕಿ ಪೈಪ್ ಮಡಗುದ್ರೆ ಗಿಡ ಬೆಳೆಯಕಿಲ್ಲ ಕಣ್ಲಾ, ಪೊಲೀಸ್ನೋರು ಬತ್ತರೆ."