ಅಡಿಕೆ ತೋಟ ಬಿಡಬೇಕಿಲ್ಲ: ಪಶ್ಚಿಮ ಘಟ್ಟದ ಮೆಸೇಜ್ ಬಗ್ಗೆ ಸ್ಪಷ್ಟನೆ

ತೀರ್ಥಹಳ್ಳಿ, ಹೊಸನಗರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ, ಪಶ್ಚಿಮ ಘಟ್ಟದ ಪರಿಸರ ಉಳಿಸುವ ಬಗೆಗಿನ ವರದಿ ಕುರಿತು ಒಂದು ಮೆಸೇಜ್ ಓಡಾಡುತ್ತಿದೆ: 'ಗಾಡ್ಗೀಳ್ ವರದಿ ಬಂದರೆ ಅಡಿಕೆ ತೋಟ ಬಿಡಬೇಕು, ಮನೆಯ ಒಡೆದ ಹೆಂಚೂ ಬದಲಿಸುವ ಹಾಗಿಲ್ಲ.' ಇದು ತಪ್ಪು. ಮೊನ್ನೆ ನಾನೂ ಕಳಿಸಿದ್ದೆ, ಕ್ಷಮಿಸಿ.

ಕೇಂದ್ರ ಸರ್ಕಾರ 2024ರ ಜುಲೈ 31ರಂದು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ಹೊರಡಿಸಿದ ಕರಡು ಅಧಿಸೂಚನೆಗೆ ಆಧಾರ ಗಾಡ್ಗೀಳ್ ವರದಿಯಲ್ಲ, ಅದನ್ನು ಪರಿಶೀಲಿಸಿದ ಕಸ್ತೂರಿರಂಗನ್ ಸಮಿತಿಯ 2013ರ ವರದಿ. ಈ ಕರಡು ತಡೆಯುವುದು ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ, 20,000 ಚದರ ಮೀಟರ್‌ನಷ್ಟು ದೊಡ್ಡ ಕಟ್ಟಡ, ಇಂಥವನ್ನು. ಕೃಷಿ, ತೋಟಕ್ಕೆ ತಡೆಯಿಲ್ಲ. ಇರುವ ಮನೆಯ ರಿಪೇರಿಗೂ ಇಲ್ಲ ಅಂತ ಬರೆದೇ ಇದೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು ದಶಕಗಟ್ಟಲೆ ಈ ಘಟ್ಟದ ಕಾಡು ಸುತ್ತಿದ ಮಾಧವ ಗಾಡ್ಗೀಳ್ ಅವರ 2011ರ ವರದಿಯೂ ಜನರನ್ನು ಒಕ್ಕಲೆಬ್ಬಿಸಿ ಅನ್ನಲಿಲ್ಲ. ಗ್ರಾಮಸಭೆಯನ್ನು ಕೇಳಿಯೇ ತೀರ್ಮಾನಿಸಿ ಅಂದಿತ್ತು.

ಕರಡಿನ ಬಗ್ಗೆ ಆಕ್ಷೇಪ ಇದ್ದರೆ ಹೇಳೋಣ, ಅದು ಬೇರೆ ಮಾತು. ಈ ಮೆಸೇಜ್ ಮಾತ್ರ ದಯವಿಟ್ಟು ಮುಂದೆ ಕಳಿಸಬೇಡಿ.